ಹಿರಿಯರಿಗೆ ಗೌರವ, ದೇವರಿಗೆ ಆರಾಧನೆ



ನವೆಂಬರ್ ತಿಂಗಳು ಬಂತೆಂದರೆ ನಾವು ಸಮಾಧಿಗಳ ಸುತ್ತಲಿನ ಕಳೆ ಕಿತ್ತು, ಶಿಲುಬೆಗಳಿಗೆ ಸುಣ್ಣ ಬಳಿದು, ಹೂವಿರಿಸಿ ಮೇಣದಬತ್ತಿ ಹಚ್ಚುತ್ತೇವೆ. 2ನೇ ತಾರೀಖಿನಂದು ಸಕಲ ಮೃತ ವಿಶ್ವಾಸಿಗಳಿಗಾಗಿ ಬಲಿಪೂಜೆಯನ್ನು ಅರ್ಪಿಸುತ್ತೇವೆ. ಆ ದಿನಗಳಲ್ಲಿ ಧರ್ಮಕೇಂದ್ರದ ಗುರುಗಳಾದ ನಮ್ಮನ್ನು ಜನರು ಕೇಳುವ ಪ್ರಶ್ನೆಯೊಂದಿದೆ: “ಫಾದರ್, ತೀರಿಹೋದ ಅಪ್ಪನ ಫೋಟೋಗೆ ಹಾರ ಹಾಕಿ ಕೈಮುಗಿದರೆ ತಪ್ಪೇ?” ಪ್ರಶ್ನೆ ಚಿಕ್ಕದು. ಆದರೆ ಇಂಥದೇ ಪ್ರಶ್ನೆ ಚೀನಾ ದೇಶದಲ್ಲಿ ಎದ್ದಾಗ, ಅದು ಇತ್ಯರ್ಥವಾಗಲು ಸುಮಾರು ಮುನ್ನೂರು ವರ್ಷಗಳು ಬೇಕಾದವು.

1582ರಲ್ಲಿ ಯೇಸುಸಭೆಯ ಮತ್ತೆಯೊ ರಿಚ್ಚಿಯವರು ಮಕಾವ್‌ಗೆ ಬಂದಿಳಿದರು. ಚೀನೀಯರು ಮನೆಮನೆಯಲ್ಲೂ ಪೂರ್ವಜರ ಹೆಸರು ಬರೆದ ಫಲಕಗಳನ್ನಿಟ್ಟು, ಅವುಗಳ ಮುಂದೆ ಬಾಗಿ ನಮಿಸುವುದನ್ನು ಅವರು ಕಂಡರು. ಇದು ಮಕ್ಕಳು ಹಿರಿಯರಿಗೆ ಸಲ್ಲಿಸುವ ಗೌರವ, ವಿಗ್ರಹಾರಾಧನೆಯಲ್ಲ ಎಂಬುದು ಅವರ ತೀರ್ಮಾನ. ಅವರ ನಂತರ ಬಂದ ಬೇರೆ ಸಭೆಗಳ ಗುರುಗಳಲ್ಲಿ ಹಲವರು ಇದನ್ನು ಒಪ್ಪಲಿಲ್ಲ. ವಿವಾದ ರೋಮ್ ತಲುಪಿತು. 1645ರಲ್ಲಿ ನಿಷೇಧ ಬಂತು. 1656ರಲ್ಲಿ ಅನುಮತಿ ದೊರೆಯಿತು. ಬಳಿಕ ಜಗದ್ಗುರು ಹನ್ನೊಂದನೇ ಕ್ಲೆಮೆಂಟರು 1704 ಮತ್ತು 1715ರಲ್ಲಿ ಆ ಆಚರಣೆಗಳನ್ನು ನಿಷೇಧಿಸಿದರು. 1742ರಲ್ಲಿ ಹದಿನಾಲ್ಕನೇ ಬೆನೆಡಿಕ್ಟರು ನಿಷೇಧವನ್ನು ಇನ್ನಷ್ಟು ಬಿಗಿಗೊಳಿಸಿದರು. 1692ರಲ್ಲಿ ಕ್ರೈಸ್ತ ಧರ್ಮಕ್ಕೆ ಸ್ವಾತಂತ್ರ್ಯ ನೀಡಿದ್ದ ಚಕ್ರವರ್ತಿ ಕಾಂಗ್‌ಶಿಯೇ ಕ್ಲೆಮೆಂಟರ ನಿಷೇಧದಿಂದ ಮುನಿದಿದ್ದನು. ಚೀನಾದ ಬಾಗಿಲು ಮುಚ್ಚತೊಡಗಿತು.

ಈ ನಿಷೇಧದ ಭಾರ ನೆರೆಯ ಕೊರಿಯಾದ ಎಳೆಯ ಧರ್ಮಸಭೆಯ ಮೇಲೂ ಬಿತ್ತು. 1791ರಲ್ಲಿ ಪೌಲ್ ಯುನ್ ಜಿ ಚುಂಗ್ ಎಂಬ ವಿಶ್ವಾಸಿಯ ತಾಯಿ ತೀರಿಕೊಂಡರು. ಧರ್ಮಸಭೆಯ ಮಾತಿಗೆ ವಿಧೇಯರಾಗಿ ಅವರು ತಾಯಿಯ ಹೆಸರಿನಲ್ಲಿ ಫಲಕ ನಿಲ್ಲಿಸಲಿಲ್ಲ. ಕ್ರೈಸ್ತ ವಿಧಿಯಂತೆ ಶವಸಂಸ್ಕಾರ ನೆರವೇರಿಸಿದರು. ಹೆತ್ತವಳನ್ನೇ ಅವಮಾನಿಸಿದವನೆಂಬ ಆರೋಪ ಅವರ ಮೇಲೆ ಬಂತು. ಅವರನ್ನೂ ಅವರ ಸಂಬಂಧಿ ಜೇಮ್ಸ್ ಕ್ವೋನ್ ಸಾಂಗ್ ಯೋನರನ್ನೂ ಜೋಂಜು ಪಟ್ಟಣದಲ್ಲಿ ಶಿರಚ್ಛೇದ ಮಾಡಿದರು. ಅಂದು ಡಿಸೆಂಬರ್ 8.

ಮುಂದೆ ಜಗದ್ಗುರು ಹನ್ನೆರಡನೇ ಪಯಸ್‌ರ ಕಾಲದಲ್ಲಿ, 1939ರ ಅದೇ ಡಿಸೆಂಬರ್ 8ರಂದು ರೋಮ್ ಹೊಸ ಆದೇಶ ಹೊರಡಿಸಿತು. ಮೃತರ ಮುಂದೆ, ಅವರ ಭಾವಚಿತ್ರದ ಮುಂದೆ, ಹೆಸರು ಮಾತ್ರ ಬರೆದ ಫಲಕದ ಮುಂದೆ ತಲೆಬಾಗುವುದು ಯೋಗ್ಯವಾದ ಗೌರವವೆಂದು ಅದು ಸಾರಿತು.

ಹಾಗಾದರೆ ಆ ರಕ್ತಸಾಕ್ಷಿಗಳ ಮರಣ ವ್ಯರ್ಥವಾಯಿತೇ? ಇಲ್ಲ. ಅವರು ತಾಯಿಯನ್ನು ತಿರಸ್ಕರಿಸಿ ಸಾಯಲಿಲ್ಲ. ತಾಯಿಯನ್ನು ಕೊಟ್ಟ ದೇವರಿಗೆ ಮೊದಲ ಸ್ಥಾನವಿತ್ತು ಸತ್ತರು. ಧರ್ಮಸಭೆ ತನ್ನ ಹಳೆಯ ಕಟ್ಟಳೆಯನ್ನು ಬದಲಿಸಲು ನಾಚಲಿಲ್ಲ, ಆ ಕಟ್ಟಳೆಗಾಗಿ ನೊಂದವರನ್ನು ಮರೆಯಲೂ ಇಲ್ಲ. 2014ರಲ್ಲಿ ಪೋಪ್ ಫ್ರಾನ್ಸಿಸರು ಸಿಯೋಲ್ ನಗರದಲ್ಲಿ ಈ ಇಬ್ಬರೂ ಸೇರಿದಂತೆ 124 ಮಂದಿಯನ್ನು ಪುನೀತರೆಂದು ಸಾರಿದರು. ಇಂದು ಕೊರಿಯಾದ ಕಥೋಲಿಕರು ಸುಗ್ಗಿಯ ಹಬ್ಬದಂದು ಪೂರ್ವಜರಿಗಾಗಿ ಬಲಿಪೂಜೆ ಅರ್ಪಿಸುತ್ತಾರೆ.

ಆದ್ದರಿಂದ ಪ್ರಿಯರೇ, ಅಪ್ಪನ ಫೋಟೋಗೆ ಹಾರ ಹಾಕಿ, ದೀಪ ಹಚ್ಚಿ, ಕೈಮುಗಿಯಿರಿ, ಅದು ಗೌರವ. ಆದರೆ ಸತ್ತವರಿಗೆ ಎಡೆ ಇಡದಿದ್ದರೆ ಅವರು ಮುನಿದು ಕೇಡು ಮಾಡುತ್ತಾರೆಂಬ ಭಯ ನಮ್ಮದಾಗಬಾರದು. ಅವರು ದೇವರ ಕೈಯಲ್ಲಿದ್ದಾರೆ. ಅವರಿಗೆ ಬೇಕಾದದ್ದು ನಮ್ಮ ಪ್ರಾರ್ಥನೆ. ಯೂದ ಮಕ್ಕಬಿಯನು ಯುದ್ಧದಲ್ಲಿ ಮಡಿದವರಿಗಾಗಿ ಹಣ ಕೂಡಿಸಿ ಜೆರುಸಲೇಮಿಗೆ ಬಲಿಯರ್ಪಣೆಗೆ ಕಳುಹಿಸಿದ್ದು ಈ ನಂಬಿಕೆಯಿಂದಲೇ. ಇಂದಿಗೂ ಯಾವ ಬಲಿಪೂಜೆಯೂ ಮೃತರ ಸ್ಮರಣೆಯಿಲ್ಲದೆ ಮುಗಿಯುವುದಿಲ್ಲ.

ಈ ಸಲ ಸಮಾಧಿಗೆ ಹೋಗುವಾಗ ಮಕ್ಕಳನ್ನೂ ಕರೆದೊಯ್ಯೋಣ. ಅಜ್ಜ, ಮುತ್ತಜ್ಜಿಯರ ಹೆಸರುಗಳನ್ನು ಅವರ ಬಾಯಿಂದ ಹೇಳಿಸೋಣ. ಮನೆಗೆ ಮರಳಿ, ಇನ್ನೂ ನಮ್ಮೊಡನಿರುವ ಹಿರಿಯರ ಪಕ್ಕದಲ್ಲಿ ಕೂತು ಉಣ್ಣೋಣ. ತಂದೆತಾಯಿಯರನ್ನು ಗೌರವಿಸಬೇಕೆಂಬ ಕಟ್ಟಳೆ ಸಮಾಧಿಯ ಬಳಿ ಮುಗಿಯುವುದಿಲ್ಲ, ಅಲ್ಲಿಂದ ಆರಂಭವಾಗುವುದೂ ಇಲ್ಲ.