ನಂಜ, ಪುಂಜ, ನಿಲಂ: ಗದ್ದೆಯ ಗಡಿ ಗೊತ್ತುಮಾಡಿದ ಚರಿತ್ರೆ

ನಮ್ಮ ಕಾಸರಗೋಡಿನಲ್ಲಿ ಈಗ ನಾಲ್ಕು ಸೆಂಟ್ಸ್ ಜಾಗ ಕೊಂಡು ಮನೆ ಕಟ್ಟಹೊರಟವರು ಮೊದಲು ಕೇಳುವ ಪ್ರಶ್ನೆ, "ಡಾಟಾ ಬ್ಯಾಂಕಿನಲ್ಲಿ ಇದೆಯಾ?" ಎಂಬುದು. ಬ್ಯಾಂಕ್ ಎಂದಾಗ ಸಾಲದ ವಿಷಯವೆಂದುಕೊಳ್ಳುವ ಹಿರಿಯರು ಇನ್ನೂ ಇದ್ದಾರೆ! ಇದು ಸಾಲದ ಬ್ಯಾಂಕಲ್ಲ. ಯಾವ ಸರ್ವೆ ನಂಬರು ಗದ್ದೆ, ಯಾವುದು ಜೌಗು ಎಂದು ಬರೆದಿಟ್ಟ ಪಟ್ಟಿ. ಅದರಲ್ಲಿ ಹೆಸರು ಸೇರಿದರೆ ಅಡಿಪಾಯಕ್ಕೆ ಗುಂಡಿ ತೋಡುವುದು ಸುಲಭವಲ್ಲ. ಈ ಗಡಿರೇಖೆ ಎಲ್ಲಿಂದ ಬಂತು ಎಂದು ಹುಡುಕಿದರೆ ಇನ್ನೂರು ವರ್ಷಕ್ಕೂ ಹಿಂದೆ ಹೋಗಬೇಕಾಗುತ್ತದೆ.

ಅದಕ್ಕಿಂತಲೂ ಹಿಂದೆ ನಮ್ಮವರು ನೀರು ನೋಡಿ ನೆಲಕ್ಕೆ ಹೆಸರಿಟ್ಟಿದ್ದರು. ಗುಡ್ಡಗಳ ನಡುವಿನ ತಗ್ಗು, ವರ್ಷದ ಬಹುಕಾಲ ನೀರಿರುವ ಗದ್ದೆ ಬೈಲು. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಮಜಲು. ಮಳೆಯನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು. ಬೈಲಿನಲ್ಲಿ ಕಾರ್ತಿ, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ತುಳುವಿನಲ್ಲಿ ಕಾರ್ತಿಗೆ ಏಣೆಲ್ ಎನ್ನುತ್ತಾರೆ. ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಒಂದೇ. ಅಂದರೆ ಗದ್ದೆಯ ಹೆಸರು ಹೇಳಿದರೆ ಸಾಕು, ನೀರು ಎಷ್ಟು ತಿಂಗಳು ನಿಲ್ಲುತ್ತದೆ ಎಂಬುದು ತಿಳಿಯುತ್ತಿತ್ತು. ಇಂದಿನ ವಿಜ್ಞಾನಿಗಳು ಜೌಗು ಗುರುತಿಸುವಾಗ ಕೇಳುವುದೂ ಇದನ್ನೇ: ನೀರು ಮೇಲ್ಮೈಗೆ ಎಷ್ಟು ಹತ್ತಿರ, ಎಷ್ಟು ಕಾಲ?

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೆನರಾ ಬ್ರಿಟಿಷರ ಕೈಸೇರಿತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಆಗ ಇಲ್ಲಿ ಗದ್ದೆಗೊಂದು ನಂಬರು ಇರಲಿಲ್ಲ, ಇದ್ದದ್ದು ವರ್ಗ. ಒಂದು ವರ್ಗದ ಲೆಕ್ಕದಲ್ಲಿ ಅಲ್ಲೊಂದು ಇಲ್ಲೊಂದು ಗದ್ದೆ ಇರಬಹುದಿತ್ತು. ಹಳೆಯ ಕೃಷಿಭೂಮಿಯ ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವಿಗೆ ಇದ್ದ ಹಕ್ಕೇ ಕುಮ್ಕಿ. ಗದ್ದೆಯ ಅಂಚು ಎಲ್ಲಿ ಎಂಬುದು ಗೊತ್ತಿಲ್ಲದಿದ್ದರೆ ಆ 100 ಗಜವನ್ನು ಎಲ್ಲಿಂದ ಅಳೆಯುವುದು? ಹಾಗಾಗಿ ಗಡಿಯ ತಕರಾರು ನಮಗೆ ಹೊಸತೇನಲ್ಲ.

ಮುಂದೆ 19ನೇ ಶತಮಾನದ ಕೊನೆಗೆ ಸರ್ವೆ ಸರಪಳಿ ಹಿಡಿದವರು ದಕ್ಷಿಣ ಕನ್ನಡ ಜಿಲ್ಲೆಗೂ ಬಂದರು. ಗದ್ದೆಗಳಿಗೆ ನಂಬರು ಬಿತ್ತು. ತೆರಿಗೆಯ ಲೆಕ್ಕಕ್ಕೆ ನಂಜ, ಪುಂಜ, ಬಾಗಾಯ್ತು, ಅಂದರೆ ನೀರಿನ ಭೂಮಿ, ಒಣ ಭೂಮಿ, ತೋಟ ಎಂಬ ಮೂರು ಪದಗಳು ಸಾಕಾದವು. ನಮ್ಮ ಎಣಿಕೆಯಲ್ಲಿ ನಷ್ಟ ಶುರುವಾದದ್ದು ಇಲ್ಲಿ. ಬೈಲು, ಮಜಲು, ಬೆಟ್ಟುಗಳು ಜನರ ಬಾಯಲ್ಲಿ, ಊರ ಹೆಸರುಗಳಲ್ಲಿ ಉಳಿದವು. ತೆರಿಗೆಯ ಪದಗಳಿಗೆ ಆ ಸೂಕ್ಷ್ಮ ಬೇಕಿರಲಿಲ್ಲ.

1956 ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ನೋವಿನ ಕಥೆ ಎಲ್ಲರಿಗೂ ಗೊತ್ತು, ಇಲ್ಲಿ ಬೇಡ. ಆದರೆ ಭೂಮಿಯ ದಾಖಲೆಗಳ ಭಾಷೆಯೂ ಬದಲಾಯಿತು ಎಂಬುದನ್ನು ಹೇಳಲೇಬೇಕು. ಕನ್ನಡ ಓದಿದವನ ಕಿವಿಗೆ 'ನಿಲಂ' ಎಂದರೆ ಬರೀ ನೆಲ. ವಿಲ್ಲೇಜ್ ಆಫೀಸಿನ ರಿಜಿಸ್ಟರಿನಲ್ಲಿ ನಿಲಂ ಎಂದರೆ ಗದ್ದೆ! ಮನೆ, ತೋಟದ ಜಾಗ 'ಪುರಯಿಡಂ'. ಇನ್ನೊಂದು ಮೋಜು ನೋಡಿ. ನಮ್ಮ ಹಳೆಯ ಪತ್ರಗಳಲ್ಲಿ ಪುಂಜ ಎಂದರೆ ಒಣ ಭೂಮಿ. ಮಲಯಾಳದ 'ಪುಂಚ' ಭತ್ತದ ಬೆಳೆ, ಕುಟ್ಟನಾಡಿನಲ್ಲಿ ನೀರು ಹೊರಹಾಕಿ ಬೆಳೆಯುವ ಬೆಳೆ. ಕೇಳಲು ಒಂದೇ ತರ, ಅರ್ಥ ಉಲ್ಟಾ. ಹಳೆಯ ಕನ್ನಡ ಪತ್ರ ಹಿಡಿದುಕೊಂಡು ಆಫೀಸಿಗೆ ಹೋಗುವವರು ಇದನ್ನು ತಿಳಿದಿರಬೇಕು.

ಗದ್ದೆಯನ್ನು ಬೇರೆ ಕೆಲಸಕ್ಕೆ ಬಳಸದಂತೆ ಕೇರಳದಲ್ಲಿ 1967ರಲ್ಲೇ ಭೂ ಬಳಕೆ ಆದೇಶ ಬಂದಿತ್ತು. ಆದರೂ 1970ರ ದಶಕದ ನಡುವೆ ರಾಜ್ಯದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರಿನಷ್ಟಿದ್ದ ಭತ್ತದ ಬೇಸಾಯ ಈಗ ಸುಮಾರು 2 ಲಕ್ಷಕ್ಕೆ ಇಳಿದಿದೆ. ನಮ್ಮ ಕಡೆ ಬೈಲು ಗದ್ದೆಗಳಲ್ಲಿ ಅಡಿಕೆ ಎದ್ದು ನಿಂತಿತು. ಕೂಲಿ ಸಿಗದ, ಭತ್ತಕ್ಕೆ ಬೆಲೆಯಿಲ್ಲದ ಕಾಲದಲ್ಲಿ ರೈತರನ್ನು ಬೈಯುವುದು ಸುಲಭ, ನಾವು ಬೈಯುವುದಿಲ್ಲ.

2008 ಆಗಸ್ಟ್ 12ರಂದು ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂತು. ವರ್ಷಕ್ಕೆ ಒಮ್ಮೆಯಾದರೂ ಭತ್ತ ಬೆಳೆಯುವ ಜಾಗ ಮಾತ್ರವಲ್ಲ, ಬೆಳೆಯಲು ಯೋಗ್ಯವಾಗಿದ್ದೂ ಪಾಳುಬಿದ್ದ ಜಾಗವೂ ಗದ್ದೆಯೇ. ಅದರ ಹುಣಿ, ತೋಡು, ಕೆರೆಗಳೂ ಅದರೊಳಗೇ ಬರುತ್ತವೆ. ಅಳಿವೆ, ಹಿನ್ನೀರು, ಕಾಂಡ್ಲಾಕಾಡು, ಜೌಗು ಇವು 'ತಣ್ಣೀರ್ತಡಂ' ಎಂಬ ಬೇರೆ ಗುಂಪು. ಪಟ್ಟಿ ಮಾಡುವ ಕೆಲಸ ಪಂಚಾಯತು ಮಟ್ಟದ ಸಮಿತಿಗೆ ಬಂತು. ಪಂಚಾಯತು ಅಧ್ಯಕ್ಷರು, ಕೃಷಿ ಅಧಿಕಾರಿ, ವಿಲ್ಲೇಜ್ ಆಫೀಸರರ ಜೊತೆ ಮೂವರು ರೈತ ಪ್ರತಿನಿಧಿಗಳೂ ಅದರಲ್ಲಿರುತ್ತಾರೆ. ಉಪಗ್ರಹ ಚಿತ್ರವನ್ನೂ ನೋಡಬೇಕೆಂದು ನಿಯಮ.

ಹಾಗಾದರೆ ಜಾಗ ಕೊಳ್ಳುವವರು ಏನು ನೋಡಬೇಕು? ರಿಜಿಸ್ಟರಿನಲ್ಲಿ ನಿಲಂ ಎಂದಿದೆಯೇ, ಡಾಟಾ ಬ್ಯಾಂಕಿನಲ್ಲಿ ಸರ್ವೆ ನಂಬರು ಇದೆಯೇ ಎಂಬ ಎರಡೂ ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದು ಹೌದು, ಎರಡನೆಯದು ಅಲ್ಲ ಎಂದಾದರೆ 2018ರ ತಿದ್ದುಪಡಿಯ ಪ್ರಕಾರ ಸ್ವಭಾವ ಬದಲಿಸಲು ಅರ್ಜಿ ಕೊಡಬಹುದು: 50 ಸೆಂಟ್ಸ್ ವರೆಗೆ 6ನೇ ಫಾರಂ, ಹೆಚ್ಚಾದರೆ 7ನೇದು. ಡಾಟಾ ಬ್ಯಾಂಕಿನಲ್ಲಿ ತಪ್ಪಾಗಿ ಸೇರಿದ್ದರೆ 5ನೇ ಫಾರಂ. ಆಗ ನೋಡುವುದು 2008ರ ಆ ದಿನ ಜಾಗ ಹೇಗಿತ್ತು ಎಂಬುದನ್ನು. ಕೇರಳದ ದೂರಸಂವೇದನ ಕೇಂದ್ರದ ಹಳೆಯ ಉಪಗ್ರಹ ಚಿತ್ರದ ವರದಿ ಅದಕ್ಕಾಗಿಯೇ. ಬೇರೆ ಯೋಗ್ಯ ಜಾಗವಿಲ್ಲದ ಗದ್ದೆಯ ಒಡೆಯರಿಗೆ ಮನೆಗೆಂದು ಪಂಚಾಯತಿನಲ್ಲಿ 10 ಸೆಂಟ್ಸ್, ನಗರಸಭೆಯಲ್ಲಿ 5 ಸೆಂಟ್ಸ್ ವರೆಗೆ ಅವಕಾಶವಿದೆ, ಅದಕ್ಕೂ ಸಮಿತಿಯ ಶಿಫಾರಸು ಬೇಕು.

ಕಾಗದಕ್ಕಿಂತ ಮೊದಲು ಮಳೆಗಾಲದಲ್ಲೊಮ್ಮೆ, ಜನವರಿಯಲ್ಲೊಮ್ಮೆ ಜಾಗಕ್ಕೆ ಹೋಗಿ ನೋಡುವುದು ಒಳ್ಳೆಯದು. ಒಂದು ಗುದ್ದಲಿ ಆಳದಲ್ಲಿ ಮುರಕಲ್ಲಿನ ಕೆಂಪು ಮಣ್ಣು ಸಿಗುತ್ತದೋ, ತುಕ್ಕಿನ ಕಲೆಯಿರುವ ಬೂದು ಕೆಸರೋ? ತೋಡು ಎತ್ತ ಹರಿಯುತ್ತದೆ? ಮೇಲೆ ಕೆಂಪು ಮಣ್ಣು ತುಂಬಿಸಿದ್ದರೂ ಅಡಿಯ ಬೂದು ಕೆಸರು ಹಾಗೆಯೇ ಇರುತ್ತದೆ. ಊರ ಹೆಸರನ್ನೂ ಕೇಳಿಸಿಕೊಳ್ಳಿ. ಬದಿಯಡ್ಕದ 'ಅಡ್ಕ' ಒಣ ಬಯಲನ್ನು ಹೇಳುತ್ತದೆ, ಪಕ್ಕದ ನೀರ್ಚಾಲು ಹೆಸರಿನಲ್ಲೇ ನೀರು ಹರಿಸುತ್ತದೆ. ನಮ್ಮ ಶಾಲೆಗಳ ಮಕ್ಕಳಿಗೆ ಈ ರಜೆಯಲ್ಲಿ ಒಂದು ಕೆಲಸ ಕೊಡಬಹುದು: ಮನೆಯ ಹಳೆಯ ಪತ್ರದಲ್ಲಿರುವ ಗದ್ದೆಗಳ ಹೆಸರುಗಳನ್ನು ಅಜ್ಜ ಅಜ್ಜಿಯರಿಂದ ಓದಿಸಿ, ಎದುರಿಗೆ ಈಗಿನ ಸರ್ವೆ ನಂಬರು ಬರೆದು ತರುವುದು.