ಇಂಗ್ಲೆಂಡಿನ ಹಳ್ಳಿಗಳಲ್ಲಿ ಒಂದು ಪೌಂಡಿಗೆ ಮನೆ ಸಿಗುತ್ತದೆಯೇ?

‘ಇಂಗ್ಲೆಂಡಿನ ಹಳ್ಳಿಗಳು ಖಾಲಿಯಾಗಿವೆ, ಅಲ್ಲಿ ಒಂದು ಪೌಂಡಿಗೇ ಮನೆ ಕೊಡುತ್ತಾರೆ’ ಎಂಬ ಮಾತನ್ನು ನೀವೂ ಕೇಳಿರಬಹುದು. ಇದರಲ್ಲಿ ನಿಜವೆಷ್ಟು? ನಾವು ಪರಿಶೀಲಿಸಿದೆವು.

ಒಂದು ಪೌಂಡಿನ ಮನೆ ಯೋಜನೆ 2013ರಲ್ಲಿ ಶುರುವಾಗಿದ್ದು ಹಳ್ಳಿಯಲ್ಲಲ್ಲ, ಲಿವರ್‌ಪೂಲ್ ನಗರದಲ್ಲಿ. ಅವು ಪಾಳುಬಿದ್ದ ಮನೆಗಳು. ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಿಸಿ, ಐದು ವರ್ಷ ಅಲ್ಲೇ ವಾಸಿಸಬೇಕೆಂಬ ಷರತ್ತಿತ್ತು.

ಹಳ್ಳಿಗಳ ಸ್ಥಿತಿ ಇದಕ್ಕೆ ತದ್ವಿರುದ್ಧ. ಕಾರ್ನ್‌ವಾಲ್, ಲೇಕ್ ಡಿಸ್ಟ್ರಿಕ್ಟ್‌ನಂಥ ಸುಂದರ ಪ್ರದೇಶಗಳಲ್ಲಿ ಹೊರಗಿನ ಉಳ್ಳವರು ರಜೆ ಕಳೆಯಲೆಂದೇ ಎರಡನೇ ಮನೆ ಕೊಳ್ಳುತ್ತಾರೆ. ಚಳಿಗಾಲದಲ್ಲಿ ಅವುಗಳಿಗೆ ಬೀಗ. ನೋಡಲು ಖಾಲಿ, ಆದರೆ ಬೆಲೆ ದುಬಾರಿ! ಸ್ಥಳೀಯರ ಸಂಬಳಕ್ಕೆ ಅವು ಎಟುಕುವುದಿಲ್ಲ. ಜೊತೆಗೆ, 1980ರ ವಸತಿ ಕಾಯ್ದೆಯಿಂದ ಕೌನ್ಸಿಲ್‌ಗಳ ಅನೇಕ ಬಾಡಿಗೆ ಮನೆಗಳು ಬಾಡಿಗೆದಾರರಿಗೇ ಮಾರಾಟವಾದವು. ಅಷ್ಟೇ ಸಂಖ್ಯೆಯ ಹೊಸ ಮನೆಗಳು ಬರಲಿಲ್ಲ. ಯುವಜನರು ಊರು ಬಿಡುತ್ತಾರೆ, ಶಾಲೆಗೆ ಮಕ್ಕಳು ಸಿಗುವುದಿಲ್ಲ.

ಇದಕ್ಕೇ ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ಜನ 2016ರಲ್ಲಿ ಮತ ಹಾಕಿ, ಹೊಸದಾಗಿ ಕಟ್ಟುವ ಮನೆಗಳನ್ನು ಕಾಯಂ ವಾಸಿಗಳಿಗೇ ಮೀಸಲಿಟ್ಟರು. ಏಪ್ರಿಲ್ 2025ರಿಂದ ಎರಡನೇ ಮನೆಗಳಿಗೆ ದುಪ್ಪಟ್ಟು ತೆರಿಗೆ ಹಾಕುವ ಅಧಿಕಾರವೂ ಇಂಗ್ಲೆಂಡಿನ ಕೌನ್ಸಿಲ್‌ಗಳಿಗಿದೆ.

ನಮ್ಮ ತೀರ್ಮಾನ: ಈ ಮಾತು ತಪ್ಪು. ಇದನ್ನು ನಂಬಿ ಯಾರಿಗೂ ಮುಂಗಡ ಹಣ ಕಳಿಸಬೇಡಿ, ಫಾರ್ವರ್ಡ್ ಕೂಡ ಮಾಡಬೇಡಿ.