ಎದೆಯ ಆಪರೇಷನ್, ಸೂಜಿ ಮತ್ತು ದಾದಿಯ ಬೆರಳು

ಶ್ವಾಸಕೋಶದ ಆಪರೇಷನ್ ಆದವರಿಗೆ ಮಣಿಕಟ್ಟು, ಮೊಣಕಾಲು ಒತ್ತಿದರೆ ಬೇಗ ಚೇತರಿಕೆ ಆಗುತ್ತದಂತೆ, ನಿಜವೇ ಡಾಕ್ಟ್ರೇ ಎಂದು ನಮ್ಮ ಸಂಘದ ಹಿರಿಯರೊಬ್ಬರು ಕೇಳಿದ್ದರು. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುವ ವಿಷಯವಲ್ಲ ಇದು. ಇದಕ್ಕೊಂದು ಚರಿತ್ರೆಯಿದೆ. ಅದರ ಸುತ್ತಮುತ್ತ ನ್ಯೂಜಿಲೆಂಡಿನ ಒಬ್ಬ ದಾದಿಯೂ ನಮ್ಮ ಗಡಿಯ ಸೊಲ್ಲಾಪುರದ ಒಬ್ಬ ವೈದ್ಯರೂ ಬರುತ್ತಾರೆ.

ಹಿಂದೆ ಶ್ವಾಸಕೋಶದ ಶಸ್ತ್ರಕ್ರಿಯೆ ಎಂದರೆ ಬಹುಮಟ್ಟಿಗೆ ಕ್ಷಯದ ಶಸ್ತ್ರಕ್ರಿಯೆ. ಕೆನಡಾದ ಡಾ. ನಾರ್ಮನ್ ಬೆಥೂನ್ ಸ್ವತಃ ಕ್ಷಯದಿಂದ ಗುಣಹೊಂದಿ, ಎದೆಯ ಶಸ್ತ್ರಚಿಕಿತ್ಸೆಯನ್ನೇ ತಮ್ಮ ಕ್ಷೇತ್ರ ಮಾಡಿಕೊಂಡವರು. 1938ರಲ್ಲಿ ಅವರು ಚೀನಾಕ್ಕೆ ಹೋಗಿ ಯುದ್ಧದ ಗಾಯಾಳುಗಳ ಸೇವೆಗೆ ನಿಂತರು. ನೇಪಿಯರಿನಲ್ಲಿ ಹುಟ್ಟಿ ಆಕ್ಲೆಂಡಿನಲ್ಲಿ ನರ್ಸಿಂಗ್ ಕಲಿತ ಕ್ಯಾಥ್ಲೀನ್ ಹಾಲ್ ಜಪಾನೀಯರ ಕಣ್ಣು ತಪ್ಪಿಸಿ ಅವರಿಗೆ ಔಷಧಿ ಸಾಗಿಸಿದರು. 1939ರಲ್ಲಿ ಬೆಥೂನ್ ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆಯ ಹೊಣೆ 1941ರಲ್ಲಿ ಬಂದದ್ದು ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸರ ಮೇಲೆ. ಶಾಂತಾರಾಂ ಅವರ 1946ರ ಚಿತ್ರವನ್ನು ನಮ್ಮ ತಂದೆತಾಯಿಯರ ಕಾಲದವರು ಮರೆತಿರಲಾರರು. ಕೋಟ್ನಿಸರೂ 1942ರಲ್ಲಿ, ಕೇವಲ 32ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು.

ಬೆಥೂನ್, ಕೋಟ್ನಿಸ್ ಇಬ್ಬರೂ ಕಲಿತದ್ದು ಪಾಶ್ಚಾತ್ಯ ವೈದ್ಯ. ಸೂಜಿಯ ಕಥೆ ಬರುವುದು ಕೋಟ್ನಿಸರೊಡನೆ ಭಾರತದಿಂದ ಹೊರಟ ಐವರಲ್ಲಿ ಒಬ್ಬರಾದ ಬಂಗಾಳದ ಡಾ. ಬಿ. ಕೆ. ಬಸು ಅವರಿಂದ. 1950ರ ದಶಕದ ಕೊನೆಯಲ್ಲಿ ಅವರು ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಅದನ್ನು ಭಾರತಕ್ಕೆ ತಂದರು.

ಅದೇ ಕಾಲಕ್ಕೆ ಶಾಂಘೈಯಲ್ಲಿ ಒಂದು ಸ್ವಾರಸ್ಯದ ಸಂಗತಿ ನಡೆಯಿತು. ಟಾನ್ಸಿಲ್ ತೆಗೆದ ಮೇಲೆ ಬರುವ ಗಂಟಲು ನೋವಿಗೆ ಅಲ್ಲಿಯ ವೈದ್ಯರು ಸೂಜಿ ಚುಚ್ಚುತ್ತಿದ್ದರು. ಆಮೇಲಿನ ನೋವು ತಗ್ಗುವುದಾದರೆ ಆಪರೇಷನ್ನಿನ ನೋವು ಏಕೆ ತಗ್ಗಬಾರದು ಎಂದು 1958ರಲ್ಲಿ ಅರಿವಳಿಕೆ ಔಷಧಿಯ ಬದಲು ಸೂಜಿಯನ್ನೇ ಬಳಸಿ ನೋಡಿದರು. 1960ರಲ್ಲಿ ಅಲ್ಲಿಯ ಕ್ಷಯರೋಗ ಆಸ್ಪತ್ರೆಯಲ್ಲಿ ಈ ರೀತಿ ಶ್ವಾಸಕೋಶದ ಭಾಗವನ್ನೇ ತೆಗೆದರು. ರೋಗಿ ಎಚ್ಚರವಾಗಿಯೇ ಇರುತ್ತಿದ್ದ. ಎದೆ ತೆರೆದರೆ ಆ ಬದಿಯ ಶ್ವಾಸಕೋಶ ಕುಗ್ಗುತ್ತದೆ, ಉಸಿರು ಕಟ್ಟಿದಂತಾಗುತ್ತದೆ. ಆದ್ದರಿಂದ ಮೊದಲೇ ಹೊಟ್ಟೆಯಿಂದ ನಿಧಾನವಾಗಿ ಉಸಿರಾಡುವ ಅಭ್ಯಾಸ ಮಾಡಿಸುತ್ತಿದ್ದರು. ಧೈರ್ಯವಂತರನ್ನೇ ಆರಿಸುತ್ತಿದ್ದರು, ಜೊತೆಗೆ ನೋವಿನ ಇಂಜೆಕ್ಷನ್ನೂ ಕೊಡುತ್ತಿದ್ದರು. ನನ್ನ ಅಭಿಪ್ರಾಯದಲ್ಲಿ ಆ ಉಸಿರಿನ ಅಭ್ಯಾಸಕ್ಕೆ ಸಲ್ಲಬೇಕಾದ ಕೀರ್ತಿ ಪೂರಾ ಸೂಜಿಗೆ ಸಂದುಬಿಟ್ಟಿತು.

ಹೊರಜಗತ್ತಿಗೆ ಇದು ತಿಳಿದದ್ದು 1971ರಲ್ಲಿ. ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ನರಿಗೆ ಬೀಜಿಂಗಿನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು. ಸೂಜಿಯ ಅರಿವಳಿಕೆಯಲ್ಲೇ ಕೊಯ್ದರೆಂದು ಇಂದಿಗೂ ಹೇಳುವವರಿದ್ದಾರೆ, ತಪ್ಪು. ಕೊಯ್ದದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್ ಕೊಟ್ಟು. ನಂತರ ಹೊಟ್ಟೆ ಉಬ್ಬರಿಸಿ ಸಂಕಟವಾದಾಗ ಮೊಣಕೈ ಬಳಿ, ಮೊಣಕಾಲ ಕೆಳಗೆ ಸೂಜಿ ಹಾಕಿದರು, ಆರಾಮವಾಯಿತು ಎಂದು ಅವರೇ ಬರೆದಿದ್ದಾರೆ. ಅಂದರೆ ಅದೂ ಆಪರೇಷನ್ ನಂತರದ ಶುಶ್ರೂಷೆಯೇ.

ಸೂಜಿಯೊಂದನ್ನೇ ನಂಬಿ ಎದೆ ಕೊಯ್ಯುವ ಪದ್ಧತಿ ಕ್ರಮೇಣ ಹಿಂದೆ ಸರಿಯಿತು. ಉಳಿದದ್ದು ವಾರ್ಡಿನ ಕೆಲಸ. ಎದೆಯ ಗಾಯ ನೋಯುತ್ತದೆಂದು ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ನಿಂತು ನ್ಯುಮೋನಿಯಾ ಆಗುವ ಭಯ. ನೋವಿಗೆ ಮಾರ್ಫಿನ್ ಕೊಟ್ಟರೆ ವಾಕರಿಕೆ, ಮಲಬದ್ಧತೆ. ಚೀನಾದ ದಾದಿಯರು ಇಂಥಲ್ಲಿ ಬಿಂದುಗಳನ್ನು ಬೆರಳಿನಿಂದ ಒತ್ತುತ್ತಾರೆ, ಚರ್ಮದ ಮೇಲೆ ಪಟ್ಟಿ ಅಂಟಿಸಿ ಸಣ್ಣ ವಿದ್ಯುತ್ ಕೊಡುತ್ತಾರೆ, ಕಿವಿಗೆ ಪುಟ್ಟ ಬೀಜ ಅಂಟಿಸಿ ಆಗಾಗ ಅಮುಕುತ್ತಾರೆ. ವಾಕರಿಕೆಗೆ ಮುಖ್ಯವಾದದ್ದು ನೇಗ್ವಾನ್: ಒಳಮಣಿಕಟ್ಟಿನ ಗೆರೆಯಿಂದ ರೋಗಿಯ ಮೂರು ಬೆರಳಗಲ ಮೇಲೆ, ಎರಡು ನರಗಳಂತೆ ಉಬ್ಬಿದ ಸ್ನಾಯುರಜ್ಜುಗಳ ನಡುವೆ. ಹೊಟ್ಟೆಗೆ ಬಳಸುವುದು ಮಂಡಿಚಿಪ್ಪಿನಿಂದ ನಾಲ್ಕು ಬೆರಳಗಲ ಕೆಳಗೆ, ಮೊಳಕಾಲೆಲುಬಿನ ಹೊರಬದಿಯದು.

ಫಲ ಎಷ್ಟು? 2015ರಲ್ಲಿ ಕಾಕ್ರೇನ್ ತಂಡ ಬೇರೆ ಬೇರೆ ಆಪರೇಷನ್‌ಗಳ 59 ಪ್ರಯೋಗಗಳನ್ನು, ಏಳೂವರೆ ಸಾವಿರಕ್ಕೂ ಹೆಚ್ಚು ರೋಗಿಗಳನ್ನು, ಒಟ್ಟುಗೂಡಿಸಿ ನೋಡಿತು. ಮಣಿಕಟ್ಟಿನ ಬಿಂದುವಿನಿಂದ ವಾಕರಿಕೆ, ವಾಂತಿ ಕಡಿಮೆಯಾಗುತ್ತವೆ ಎಂದು ಕಂಡಿತಾದರೂ ಪುರಾವೆಯ ಗುಣಮಟ್ಟ ಕೆಳಮಟ್ಟದ್ದು ಎಂದೂ ಹೇಳಿತು. ನೋವು, ಮಲಬದ್ಧತೆಗಳ ವಿಷಯದಲ್ಲಿ ನನ್ನ ನಂಬಿಕೆ ಇನ್ನೂ ಕಡಿಮೆ. ನಿಜವಾಗಿ ಒತ್ತುವುದಕ್ಕೂ ಒತ್ತಿದಂತೆ ಮಾಡುವುದಕ್ಕೂ ವ್ಯತ್ಯಾಸ ರೋಗಿಗೆ ತಿಳಿಯದಂತೆ ಪರೀಕ್ಷಿಸುವುದು ಸುಲಭವಲ್ಲ. ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಕೈಹಿಡಿಯುವವರಿದ್ದರೆ ಅದರಿಂದಲೇ ಅರ್ಧ ಆರಾಮ!

ಬೆರಳಿನಿಂದ ಒತ್ತುವುದರಲ್ಲಿ ಅಪಾಯ ಇಲ್ಲವೆನ್ನಬಹುದು. ಮನೆಯವರೇ ಮಾಡಬಹುದು, ಆದರೆ ದಿಂಬು ಎದೆಗವಚಿಕೊಂಡು ಕೆಮ್ಮುವುದು, ಎದ್ದು ನಡೆಯುವುದು, ವೇಳೆಗೆ ಸರಿಯಾಗಿ ನೋವಿನ ಮಾತ್ರೆ ನುಂಗುವುದು ಇವನ್ನು ಬಿಟ್ಟಲ್ಲ. ಸೂಜಿಯ ಮಾತು ಬೇರೆ. ಎದೆ, ಬೆನ್ನು, ಭುಜದಲ್ಲಿ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೇ ತೂತು ಬಿದ್ದು ಗಾಳಿ ಸೋರಬಹುದು. ಒಂದು ಬದಿಯ ಶ್ವಾಸಕೋಶ ತೆಗೆಸಿಕೊಂಡವರಿಗೆ ಇದು ಪ್ರಾಣಾಪಾಯ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಸೂಜಿಗೆ ಮುಂಚೆ, ಪೇಸ್‌ಮೇಕರ್ ಇರುವವರು ವಿದ್ಯುತ್ ಪಟ್ಟಿಗೆ ಮುಂಚೆ ತಮ್ಮ ಸರ್ಜನ್ನರನ್ನು ಕೇಳಲೇಬೇಕು. ನ್ಯೂಜಿಲೆಂಡಿನಲ್ಲಿ 2021ರಿಂದ ಚೀನೀ ವೈದ್ಯಕ್ಕೆ ಕಾನೂನುಬದ್ಧ ಮಂಡಳಿಯಿದೆ. ಸೂಜಿ ಹಾಕುವವರ ಹೆಸರು ಅದರ ಪಟ್ಟಿಯಲ್ಲಿದೆಯೇ ಎಂದು ಮೊದಲು ವಿಚಾರಿಸಿ.